ಬಾಸುಂಡೆಯೋ, ಬಾರುಕೋಲೋ? ಬೀದಿನಾಟಕದಲ್ಲಿ ಅಧಿಕಾರದ ಚಿತ್ರ

ಬೀದಿನಾಟಕ ಕಟ್ಟುವವರು ಇವತ್ತಲ್ಲ ನಾಳೆ ಎದುರಿಸಲೇಬೇಕಾದ ಒಂದು ಪ್ರಶ್ನೆಯಿದೆ. ಹೊಡೆಸಿಕೊಂಡವರ ಮುಂದೆಯೇ ಹೊಡೆತವನ್ನು ಆಡಿ ತೋರಿಸುವುದು ಸರಿಯೇ?

ಕೇರಿಯ ನಡುವೆ ಗುಂಡಗೆ ಜನ ಕೂತಿದ್ದಾರೆ. ತಮಟೆ ನಿಂತಿದೆ. ಒಬ್ಬ ಹುಡುಗ ಗೌಡನಾಗಿ ಮೀಸೆ ತಿರುವುತ್ತಾನೆ, ಇನ್ನೊಬ್ಬ ಆಳಾಗಿ ಕಾಲಿಗೆ ಬೀಳುತ್ತಾನೆ. ಬಾರುಕೋಲು ಬೀಸುತ್ತದೆ, ಬೆನ್ನು ಬಾಗುತ್ತದೆ. ಕೂತವರಲ್ಲಿ ಒಬ್ಬ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ತಂಡದವರಿಗೆ ನಾಟಕ ಗೆದ್ದಿತು ಅನ್ನಿಸುತ್ತದೆ. ಆದರೆ ಆ ಅಜ್ಜಿಯೇ ಎದ್ದು ನಿಂತು, "ಇದನ್ನ ನೀವು ಬಂದು ತೋರಿಸ್ಬೇಕಾಗಿತ್ತೇನಪ್ಪಾ? ನಮ್ಮನೆಯೋರ ಬೆನ್ ಮೇಲೇ ನೋಡಿದ್ನಲ್ಲ" ಎಂದುಬಿಟ್ಟರೆ ನಾವು ಏನು ಉತ್ತರ ಕೊಡುತ್ತೇವೆ?

ಇದು ರಂಗತಂತ್ರದ ಪ್ರಶ್ನೆಯಾಗಿದ್ದರೆ ನಿರ್ದೇಶಕರ ತಲೆಗೇ ಬಿಡಬಹುದಾಗಿತ್ತು. ಇದು ನ್ಯಾಯ ಅನ್ಯಾಯದ ಪ್ರಶ್ನೆ. ನಮ್ಮ ಜನದ ನೋವನ್ನು ಯಾರು, ಯಾರ ಮುಂದೆ, ಯಾತಕ್ಕೆ ತೋರಿಸುತ್ತಾರೆ ಎಂಬ ಪ್ರಶ್ನೆ. ನಾವು ಇಲ್ಲಿ ಹೇಳಹೊರಟಿರುವುದು ಇಷ್ಟೇ: ಬಾಸುಂಡೆಯನ್ನು ತೋರಿಸುವುದು ಸುಲಭ. ಬಾರುಕೋಲು ಆ ಕೈಗೆ ಹೇಗೆ ಬಂತು, ಅದಕ್ಕೆ ಬೇಕಾದ ತೊಗಲನ್ನು ಹದ ಮಾಡಿ ಹೊಲಿದು ಕೊಟ್ಟವರು ಯಾರು, ಅದು ಬೀಸುವಾಗ ಸುತ್ತ ನಿಂತು ಸುಮ್ಮನೆ ನೋಡಿದವರು ಯಾರು ಎಂದು ತೋರಿಸುವುದು ಕಷ್ಟ. ಆ ಕಷ್ಟದ ಕೆಲಸಕ್ಕೆ ಇಪ್ಪತ್ತು ನಿಮಿಷದ ಕಿರುನಾಟಕದಷ್ಟು ತಕ್ಕ ಸಾಧನ ಇನ್ನೊಂದಿಲ್ಲ.

1

ಮೊದಲು ನಮ್ಮ ಊರುಗಳನ್ನೇ ನೋಡೋಣ. ಕೋಲಾರ ತಾಲೂಕಿನ ಹೋಳೂರು ಕಡೆಯಿರಲಿ, ಶ್ರೀನಿವಾಸಪುರ, ಮುಳಬಾಗಿಲು, ಮಾಲೂರಿನ ಯಾವ ಹಳ್ಳಿಯಿರಲಿ, ಜಾತಿಯನ್ನು ಮಗುವಿಗೆ ಕೂರಿಸಿಕೊಂಡು ಪಾಠ ಮಾಡುವವರು ಇಲ್ಲ. ಮಗು ಅದನ್ನು ಕಣ್ಣಲ್ಲಿ ಕಲಿಯುತ್ತದೆ. ಜಗಲಿಯ ಮುಂದೆ ಬಂದ ಕೂಡಲೇ ಅಪ್ಪನ ಹೆಗಲ ಮೇಲಿದ್ದ ಟವೆಲ್ಲು ಕಂಕುಳಿಗೆ ಇಳಿಯಿತು. ಕಾಲಲ್ಲಿದ್ದ ಚಪ್ಪಲಿ ಕೈಗೆ ಬಂತು. ನೀರು ಕೇಳಿದರೆ ಚೊಂಬು ಕೈಗೆ ಸಿಗಲಿಲ್ಲ, ಮೇಲಿನಿಂದ ಬೊಗಸೆಗೆ ಹುಯ್ದರು. ಹೋಟೆಲಿನಲ್ಲಿ ಒಂದು ಲೋಟ ಒಳಗೆ, ಇನ್ನೊಂದು ಲೋಟ ಹೊರಗೆ ಗೋಡೆಯ ಗೂಡಿನಲ್ಲಿ. ಇವುಗಳಲ್ಲಿ ಒಂದಕ್ಕೂ ಮಾತು ಬೇಕಾಗಿಲ್ಲ. ಯಾರು ನಿಂತಿದ್ದಾರೆ, ಯಾರು ಕೂತಿದ್ದಾರೆ, ನಡುವೆ ಎಷ್ಟು ಅಡಿ ದೂರವಿದೆ, ಯಾರ ಕಣ್ಣು ನೆಲ ನೋಡುತ್ತಿದೆ, ಅಷ್ಟರಲ್ಲಿ ಎಲ್ಲ ಗೊತ್ತಾಗುತ್ತದೆ. ಸಾವಿರಾರು ವರ್ಷ ತಾಲೀಮು ನಡೆದಿರುವ ನಾಟಕ ಇದು. ಬೆಳಗಾದರೆ ಶುರು. ಪಾತ್ರಧಾರಿಗಳಿಗೆ ಸಂಬಳ ಇಲ್ಲ, ವೇಷ ಕಳಚುವ ಹಾಗಿಲ್ಲ.

ಕಾನೂನುಗಳು ಬಂದವು. ಅಸ್ಪೃಶ್ಯತೆಯ ಆಚರಣೆ 1955ರಿಂದ ಅಪರಾಧ. ಹಳ್ಳಿಯ ಚಾಕರಿ ಹುದ್ದೆಗಳನ್ನು 1961ರ ಕಾಯಿದೆ ತೆಗೆದುಹಾಕಿತು. ಜೀತವನ್ನು 1976ರ ಕಾಯಿದೆ ರದ್ದು ಮಾಡಿತು. ಇವು ಸಣ್ಣ ಗೆಲುವುಗಳಲ್ಲ. ಆದರೆ ಕಾಯಿದೆ ಮಾತಿನಲ್ಲಿ ಇರುತ್ತದೆ, ಜಾತಿ ನೋಟದಲ್ಲಿ ಇರುತ್ತದೆ. ಗೂಡಿನಲ್ಲಿದ್ದ ಲೋಟ ಹೋಗಿ ಪ್ಲಾಸ್ಟಿಕ್ ಲೋಟ ಬಂತು. ಎಲ್ಲರಿಗೂ ಅದೇ ಲೋಟವಾದರೆ ಅದು ಅನುಕೂಲ. ಕೇರಿಯವರಿಗೆ ಮಾತ್ರ ಪ್ಲಾಸ್ಟಿಕ್, ಮಿಕ್ಕವರಿಗೆ ಗಾಜು ಅಂದರೆ ಅದು ಹಳೆಯ ಗೂಡೇ. ಪೊಲೀಸಿನವರು ಬಂದು ನೋಡಿದರೆ ಲೋಟ ಬರೀ ಲೋಟವಾಗಿಯೇ ಕಾಣುತ್ತದೆ. ಅದು ಏನೆಂದು ಕಾಣಿಸಬೇಕಾದರೆ ಎರಡು ಲೋಟವನ್ನು ಪಕ್ಕಪಕ್ಕದಲ್ಲಿಟ್ಟು ಜನರ ಮುಂದೆ ಹಿಡಿಯಬೇಕು. ಕಿರುನಾಟಕ ಮಾಡುವ ಕೆಲಸ ಇದೇ. ದಿನವೂ ನೋಡಿ ನೋಡಿ ಕಾಣದಂತಾಗಿರುವುದನ್ನು ಕಾಣುವ ಹಾಗೆ ಮಾಡುವುದು.

ನಮ್ಮ ಜಿಲ್ಲೆಗೆ ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಎಷ್ಟೋ ಮನೆಗಳ ಒಲೆ ಮುಂದಿನ ಮಾತು ತೆಲುಗು, ಸ್ಕೂಲಿನ ಮಾತು ಕನ್ನಡ. ಚಿನ್ನದ ಗಣಿಯ ಕಡೆ ಹೋದರೆ ತಮಿಳು. ಬೆಂಗಳೂರಿನ ಪುಸ್ತಕದ ಕನ್ನಡದಲ್ಲಿ ಉದ್ದುದ್ದ ಸಂಭಾಷಣೆ ಬರೆದುಕೊಂಡು ಬಂದವರ ನಾಟಕ ಮುಳಬಾಗಿಲಿನ ಗಡಿ ಹಳ್ಳಿಯಲ್ಲಿ ಅರ್ಧ ದಾರಿಗೇ ನಿಂತುಬಿಡುತ್ತದೆ. ಹೆಗಲಿನಿಂದ ಇಳಿಯುವ ಟವೆಲ್ಲಿಗೆ ಮಾತ್ರ ಅನುವಾದ ಬೇಕಾಗಿಲ್ಲ. ಆ ಕಡೆ ಚಿತ್ತೂರಿನವನಿಗೂ ಅದು ಗೊತ್ತು, ಈ ಕಡೆ ಮಾಲೂರಿನವನಿಗೂ ಗೊತ್ತು.

2

ನಾಟಕ ನಮ್ಮ ಜನಕ್ಕೆ ಹೊಸದಲ್ಲ. ಕೇಳಿಕೆ, ಬಯಲಾಟಗಳು ಇದ್ದವು. ಆಮೇಲೆ ಹಾರ್ಮೋನಿಯಂ ಮೇಷ್ಟ್ರು ಬಂದರು, ಸೀನರಿ ಬಂತು, ರಾತ್ರಿಯಿಡೀ ನಡೆಯುವ 'ಕುರುಕ್ಷೇತ್ರ' ಬಂತು. ಬಾಡಿಗೆ ಕಿರೀಟ, ಬಾಡಿಗೆ ಗದೆ, ಬಾಡಿಗೆ ಸಿಂಹಾಸನ. ಕೂಲಿ ಮಾಡಿ ಕೂಡಿಟ್ಟ ಹಣ ಕೊಟ್ಟು ದುರ್ಯೋಧನನ ಪಾರ್ಟು ತೆಗೆದುಕೊಳ್ಳುವವರು ನಮ್ಮ ಕೇರಿಗಳಲ್ಲೂ ಇದ್ದಾರೆ. ಅವರನ್ನು ಹೀಯಾಳಿಸುವುದಕ್ಕೆ ನಾವು ತಯಾರಿಲ್ಲ. ಹಗಲೆಲ್ಲ ತಲೆ ತಗ್ಗಿಸಿದವನು ಒಂದು ರಾತ್ರಿ ತಲೆಯೆತ್ತಿ ಕಂದ ಹಾಡುವುದು ಸಣ್ಣ ಆಸೆಯೇನಲ್ಲ. ಆದರೆ ಬೆಳಗಿನ ಜಾವ ಕಿರೀಟ ಗಾಡಿ ಹತ್ತುತ್ತದೆ. ಮುಖದ ಬಣ್ಣ ಪೂರ್ತಿ ಹೋಗುವ ಮೊದಲೇ ದುರ್ಯೋಧನ ಯಾರದೋ ತೋಟದಲ್ಲಿ ಟೊಮೊಟೊ ಬಿಡಿಸುತ್ತಿರುತ್ತಾನೆ. ಅಧಿಕಾರ ಅಂದರೆ ಎಲ್ಲೋ ಹಸ್ತಿನಾವತಿಯಲ್ಲಿದೆ, ಅದಕ್ಕೆ ಕಿರೀಟ ಬೇಕು, ಹುಟ್ಟು ಬೇಕು ಎಂಬ ಚಿತ್ರ ಮಾತ್ರ ಕಣ್ಣಲ್ಲಿ ಉಳಿಯುತ್ತದೆ.

ಕಿರುನಾಟಕಕ್ಕೆ ಕಿರೀಟ ಕೊಳ್ಳುವ ಶಕ್ತಿ ಇಲ್ಲ. ಆ ಬಡತನವೇ ಅದರ ಬಲ. ಅದರ ಕೈಯಲ್ಲಿರುವುದು ಒಂದು ಟವೆಲ್ಲು, ಒಂದು ಕೋಲು, ಒಂದು ಕುರ್ಚಿ. ಇಷ್ಟರಲ್ಲೇ ಅಧಿಕಾರವನ್ನು ತೋರಿಸಬೇಕಾದಾಗ ಅಧಿಕಾರ ಇರುವುದೇ ಇಷ್ಟರಲ್ಲಿ ಎಂಬ ಸತ್ಯ ಹೊರಬೀಳುತ್ತದೆ. ಪರದೆಯಿಲ್ಲ, ಎತ್ತರದ ವೇದಿಕೆಯಿಲ್ಲ. ನೋಡುವವರು ಸುತ್ತ ಕೂತಿರುವುದರಿಂದ ಆಡುವವನ ಬೆನ್ನ ಹಿಂದೆ ಎದುರಿನವರ ಮುಖಗಳು ಕಾಣುತ್ತವೆ. ಚಿತ್ರದೊಳಗೆ ನೋಡುವವರೂ ಸೇರಿಹೋಗುತ್ತಾರೆ. ಊರಿನವರು ದೂರ ನಿಂತು ನೋಡಿದರೆ ಆ ದೂರವೂ ನಾಟಕದ ಭಾಗವೇ.

ಈ ದಾರಿ ಇವತ್ತಿನದಲ್ಲ. ಜ್ಯೋತಿಬಾ ಫುಲೆ 1855ರಲ್ಲಿ 'ತೃತೀಯ ರತ್ನ' ನಾಟಕ ಬರೆದರು. ಪುರೋಹಿತನೊಬ್ಬ ರೈತ ದಂಪತಿಗಳನ್ನು ಸುಲಿಯುವ ಬಗೆಯನ್ನು ಅದರಲ್ಲಿ ಬಿಡಿಸಿಟ್ಟರು, ವಿದೂಷಕನ ಬಾಯಲ್ಲಿ ಸತ್ಯ ಹೇಳಿಸಿದರು. ಮಹಾರಾಷ್ಟ್ರದ ಅಂಬೇಡ್ಕರೀ ಜಲಸಾಗಳು ತಮಾಷಾದ ಅಚ್ಚನ್ನೇ ಹಿಡಿದು ಒಳಗಿನ ಹೂರಣ ಬದಲಿಸಿದವು. ನಮ್ಮಲ್ಲಿ 1975ರಲ್ಲಿ 'ಸಮುದಾಯ' ಹುಟ್ಟಿತು. ದಲಿತ ಸಂಘರ್ಷ ಸಮಿತಿಯ ಹಾಡುಗಳು, ಸಿದ್ಧಲಿಂಗಯ್ಯನವರ 'ಪಂಚಮ'ದಂಥ ನಾಟಕಗಳು ಕೇರಿ ಕೇರಿ ಸುತ್ತಿದವು. ಕೋಲಾರದ ಪಕ್ಕದಲ್ಲೇ, ಅಂತರಗಂಗೆ ಬೆಟ್ಟದ ಮೇಲಿನ ತೇರಹಳ್ಳಿಯಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ 'ಆದಿಮ' ಹುಣ್ಣಿಮೆಯ ಬೆಳಕಿನಲ್ಲಿ ಹಾಡು, ನಾಟಕ ನಡೆಸುತ್ತ ಬಂತು. "ಇದೆಲ್ಲ ಪ್ರಚಾರ, ಕಲೆಯಲ್ಲ" ಎಂದು ಮೂಗು ಮುರಿಯುವ ಪಂಡಿತರಿಗೆ ನಾವು ಹೆಚ್ಚು ಹೇಳುವುದಿಲ್ಲ. 1989ರ ಜನವರಿ 1ರಂದು ದೆಹಲಿಯ ಹತ್ತಿರದ ಸಾಹಿಬಾಬಾದಿನಲ್ಲಿ 'ಹಲ್ಲಾ ಬೋಲ್' ಆಡುತ್ತಿದ್ದ ಸಫ್ದರ್ ಹಶ್ಮಿಯ ಮೇಲೆ ಬಿದ್ದು ಹೊಡೆದರು. ಮರುದಿನ ಅವರು ತೀರಿಕೊಂಡರು. ಜನವರಿ 4ರಂದು ಅವರ ತಂಡ ಅದೇ ಜಾಗಕ್ಕೆ ಹೋಗಿ ನಿಂತುಹೋಗಿದ್ದ ನಾಟಕವನ್ನು ಮುಗಿಸಿತು. ಅರ್ಧ ಗಂಟೆಯ ನಾಟಕಕ್ಕೆ ಅಧಿಕಾರ ಇಷ್ಟು ಹೆದರುತ್ತದೆ ಎಂದರೆ ಅದರಲ್ಲಿ ಏನೋ ಇದೆ ಎಂದೇ ಅರ್ಥ.

3

ಆ ಏನೋ ಯಾವುದು? ಎರಡು ಚಿತ್ರಗಳನ್ನು ಪಕ್ಕಪಕ್ಕ ಇಡೋಣ.

1977ರ ಮೇ 27ರಂದು ಬಿಹಾರದ ಬೆಲ್ಚಿಯಲ್ಲಿ 11 ಜನರನ್ನು ಕೊಂದು ಸುಟ್ಟರು. ಹೆಚ್ಚಿನವರು ದಲಿತರು. ಆ ಆಗಸ್ಟಿನಲ್ಲಿ, ಅಧಿಕಾರ ಕಳೆದುಕೊಂಡಿದ್ದ ಇಂದಿರಾ ಗಾಂಧಿ ಮಳೆ ಕೆಸರಿನ ನಡುವೆ ಆನೆ ಹತ್ತಿ ಅಲ್ಲಿಗೆ ಹೋದರು. ಇವತ್ತು ಬೆಲ್ಚಿ ಎಂದರೆ ಓದಿದವರಿಗೆ ಮೊದಲು ನೆನಪಾಗುವುದು ಏನು? ಆನೆ. ಸತ್ತವರಲ್ಲಿ ಒಬ್ಬರ ಹೆಸರಾದರೂ ನೆನಪಿದೆಯೇ? ದೃಶ್ಯ ಕಟ್ಟುವುದು ಅಧಿಕಾರಕ್ಕೆ ನಮಗಿಂತ ಚೆನ್ನಾಗಿ ಗೊತ್ತು. ಕೆಳಗೆ ಸುಟ್ಟ ನೆಲ, ಮೇಲೆ ಆನೆ, ಆನೆಯ ಮೇಲೆ ನಾಯಕಿ. ಅದೇ ಬೆಲ್ಚಿಯನ್ನು ಸಮುದಾಯದವರು ಬೀದಿನಾಟಕ ಮಾಡಿದರು, ಸಿ.ಜಿ. ಕೃಷ್ಣಸ್ವಾಮಿ ನಿರ್ದೇಶಿಸಿದರು. ಅದು ಕರ್ನಾಟಕದ ಬೀದಿಗಳಲ್ಲಿ ಮತ್ತೆ ಮತ್ತೆ ನಡೆಯಿತು. ಆನೆಯ ಮೇಲಿದ್ದ ಕಣ್ಣನ್ನು ನೆಲಕ್ಕೆ ಇಳಿಸಿದ್ದು, ಬಿಹಾರದ ಬೆಂಕಿಯನ್ನು ನಮ್ಮೂರಿನ ಬೆಂಕಿ ಎಂದು ಕಾಣಿಸಿದ್ದು ಆ ನಾಟಕದ ದೊಡ್ಡತನ.

ಇನ್ನೊಂದು ಚಿತ್ರ 2016ರದು. ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಗಾಡಿಗೆ ಕಟ್ಟಿ ಹೊಡೆದರು. ಹೊಡೆದದ್ದನ್ನು ಹೊಡೆದವರೇ ಮೊಬೈಲಿನಲ್ಲಿ ಚಿತ್ರ ಹಿಡಿದು ಊರೆಲ್ಲ ಹರಡಿದರು. ಗೆಳೆಯರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಬಾಸುಂಡೆ ತೋರಿಸಲು ಅವರಿಗೆ ನಾಚಿಕೆಯಾಗಲಿಲ್ಲ, ಹೆದರಿಕೆಯೂ ಆಗಲಿಲ್ಲ. ಯಾಕೆಂದರೆ ನಮ್ಮ ಬಾಗಿದ ಬೆನ್ನಿನ ಚಿತ್ರ ಅವರ ಜಾಹೀರಾತು. "ನೋಡಿ, ನಿಮಗೂ ಇದೇ ಗತಿ" ಎಂಬುದೇ ಅದರ ಒಕ್ಕಣೆ. ಹಾಗಾದರೆ ಅದೇ ಚಿತ್ರವನ್ನು ನಾವೂ ಬೀದಿಯಲ್ಲಿ ಮತ್ತೆ ಮತ್ತೆ ಆಡಿದರೆ ಯಾರ ಕೆಲಸ ಮಾಡಿದಂತಾಯಿತು?

ಊನಾಕ್ಕೆ ಗುಜರಾತಿನ ದಲಿತರು ಕೊಟ್ಟ ಉತ್ತರ ನೋಡಿ. ಸುರೇಂದ್ರನಗರದಲ್ಲಿ ಸತ್ತ ದನಗಳನ್ನು ತಂದು ಕಲೆಕ್ಟರ್ ಕಚೇರಿ ಮುಂದೆ ಹಾಕಿದರು. ಇನ್ನು ನಾವು ಎತ್ತುವುದಿಲ್ಲ, ನಿಮ್ಮ ತಾಯಿಯಾದರೆ ನೀವೇ ಎತ್ತಿ ಎಂದರು. ಆ ಚಿತ್ರದಲ್ಲಿ ಒಂದು ಏಟೂ ಇರಲಿಲ್ಲ. ಬಿದ್ದ ಹೆಣ, ಎತ್ತುವವರಿಲ್ಲದ ಖಾಲಿ ಜಾಗ, ಮೂಗು ಮುಚ್ಚಿಕೊಂಡ ಅಧಿಕಾರ. ಊರು ಯಾರ ಕೈ ಮೇಲೆ ನಿಂತಿದೆ ಎಂಬುದು ಒಂದೇ ನೋಟಕ್ಕೆ ಬಯಲಾಯಿತು. ಮೊದಲನೆಯ ಚಿತ್ರ ಬಾಸುಂಡೆ. ಎರಡನೆಯದು ಬಾರುಕೋಲಿನ ಗುಟ್ಟು.

ಇದರ ಮೂಲ ಮಹಾಡದಲ್ಲಿದೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಚವದಾರ್ ಕೆರೆಗೆ ನಡೆದು ನೀರು ಕುಡಿದರು. ಆ ದಿನ ನಮ್ಮವರ ಮೇಲೆ ದೊಣ್ಣೆಯ ಏಟುಗಳೂ ಬಿದ್ದವು. ಜನ ಎದೆಯಲ್ಲಿಟ್ಟುಕೊಂಡಿದ್ದು ಏಟುಗಳನ್ನಲ್ಲ, ಬೊಗಸೆ ನೀರನ್ನು. ಒಬ್ಬ ಮನುಷ್ಯ ಕೆರೆಗೆ ಬಾಗಿದ, ನೀರು ಮೊಗೆದ, ಕುಡಿದ. ಇದಕ್ಕಿಂತ ಚಿಕ್ಕ ನಾಟಕ ಇದ್ದೀತೇ? ಬಾಗಿದ್ದು ಕೆರೆಗೆ, ಜಗಲಿಗಲ್ಲ. ಅಷ್ಟರಿಂದ ಚಿತ್ರದ ಅರ್ಥವೇ ಬೇರೆಯಾಯಿತು.

4

ನಮ್ಮ ಜಿಲ್ಲೆಗೇ ಬರೋಣ. ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ 2022ರ ಸೆಪ್ಟೆಂಬರಿನಲ್ಲಿ ದೇವರ ಉತ್ಸವದ ಸಿಡಿರಣ್ಣನ ಕೋಲನ್ನು 15 ವರ್ಷದ ದಲಿತ ಹುಡುಗನೊಬ್ಬ ಮುಟ್ಟಿದ. ಮನೆಯವರು 60,000 ರೂಪಾಯಿ ದಂಡ ಕಟ್ಟಬೇಕೆಂದು ಊರಿನ ಮುಖಂಡರು ವಿಧಿಸಿದರು. ಒಂದು ಮರದ ಕೋಲು, ಒಂದು ಎಳೆಯ ಕೈ, ಅರವತ್ತು ಸಾವಿರ. ಇದನ್ನು ನಾಟಕ ಮಾಡುವುದಾದರೆ ಹುಡುಗನಿಗೆ ಬೈಗುಳ, ತಾಯಿಯ ಅಳು ಇವನ್ನು ಎಷ್ಟು ಬೇಕಾದರೂ ಉದ್ದ ಎಳೆಯಬಹುದು. ಆದರೆ ಆ ಮನೆಯವರು ಮಾಡಿದ್ದನ್ನು ಕೇಳಿ. ಮನೆಯೊಳಗಿನ ದೇವರ ಪಟಗಳನ್ನು ತೆಗೆದು ಅಂಬೇಡ್ಕರರ ಪಟ ಇಟ್ಟರು. ಗೋಡೆ ಅದೇ, ಮೊಳೆ ಅದೇ, ಪಟ ಬೇರೆ. ನಾಟಕಕಾರ ತಲೆ ಕೆಡಿಸಿಕೊಂಡು ಹುಡುಕುವ ದೃಶ್ಯವನ್ನು ಒಂದು ಬಡಮನೆ ಕಟ್ಟಿ ತೋರಿಸಿಬಿಟ್ಟಿತು. ನಮ್ಮ ತಂಡಗಳು ಕಲಿಯಬೇಕಾದದ್ದು ಇಂಥ ಮನೆಗಳಿಂದ.

ಕಂಬಾಲಪಲ್ಲಿಯ ವಿಷಯ ಇದಕ್ಕಿಂತ ಕಷ್ಟದ್ದು. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲೂಕಿನ ಆ ಹಳ್ಳಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಕಾಗದದ ಮೇಲೆ ಏಳು ಜನರನ್ನು ಸುಟ್ಟವರು ಯಾರೂ ಇಲ್ಲ.

ಈ ಘಟನೆಯನ್ನು ಆಡುವವರು ಬೆಂಕಿ ತೋರಿಸಬೇಕೇ? ಬೇಡ ಎನ್ನುತ್ತೇವೆ ನಾವು. ಬೆಂಕಿ ತೋರಿಸಿದರೆ ನೋಡುವವರು ಬೆಚ್ಚಿಬೀಳುತ್ತಾರೆ, ಅಯ್ಯೋ ಎನ್ನುತ್ತಾರೆ, ಮನೆಗೆ ಹೋಗುತ್ತಾರೆ. ಅದರ ಬದಲು ಒಂದು ಖಾಲಿ ಕಟಕಟೆ ಇಡಿ. ಒಬ್ಬೊಬ್ಬರಾಗಿ ಬರಲಿ. ಪ್ರತಿಯೊಬ್ಬರೂ ಬಾಯಿ ತೆರೆಯುವ ಮುಂಚೆ ಹಿಂದಕ್ಕೆ ತಿರುಗಿ ಏನನ್ನೋ ನೋಡಲಿ. ಒಬ್ಬ ತಾನು ಗೇಯುವ ಹೊಲ ನೋಡುತ್ತಾನೆ, ಇನ್ನೊಬ್ಬ ಸಾಲದ ಚೀಟಿ ನೋಡುತ್ತಾನೆ, ಒಬ್ಬಾಕೆ ತನ್ನ ಮಗಳನ್ನು ನೋಡುತ್ತಾಳೆ. ನೋಡಿ, "ನಂಗೇನೂ ಗೊತ್ತಿಲ್ಲ ಸ್ವಾಮಿ" ಎಂದು ಇಳಿದುಹೋಗುತ್ತಾರೆ. ಸಾಕ್ಷಿ ಹೇಳದವರನ್ನು ಹೇಡಿಗಳೆಂದು ಬೈಯುವುದು ಪಟ್ಟಣದಲ್ಲಿ ಕೂತವರಿಗೆ ಸುಲಭ. ಅವರ ಬಾಯಿ ಕಟ್ಟಿದ್ದು ಯಾವುದು ಎಂದು ತೋರಿಸಿದಾಗ ಮಾತ್ರ ಸಿಟ್ಟು ಹೋಗಬೇಕಾದ ಕಡೆಗೆ ಹೋಗುತ್ತದೆ.

5

"ಗಾಯ ತೋರಿಸದಿದ್ದರೆ ಸಿಟ್ಟು ಹೇಗೆ ಬರುತ್ತೆ? ನೀವು ಹೋರಾಟದ ಕಾವು ಇಳಿಸುತ್ತಿದ್ದೀರಿ" ಎಂದು ನಮ್ಮ ಸಂಗಾತಿಗಳಲ್ಲೇ ಕೆಲವರು ಹೇಳುತ್ತಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಊರಿನ ಮೇಲ್ಜಾತಿಯವರ ಬೀದಿಯಲ್ಲಿ, ಕಾಲೇಜಿನ ಅಂಗಳದಲ್ಲಿ, "ಈಗೆಲ್ಲಿದೆ ಜಾತಿ?" ಎಂದು ಕೇಳುವವರ ಮುಂದೆ ಗಾಯ ತೋರಿಸಲೇಬೇಕಾಗುತ್ತದೆ. 2023ರ ಡಿಸೆಂಬರಿನಲ್ಲಿ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂದಾಗ ನಂಬದವರೂ ಇದ್ದರು. ಅಂಥವರಿಗೆ ಸಾಕ್ಷಿ ಬೇಕು. ಆದರೆ ಕೇರಿಗೆ ಸಾಕ್ಷಿ ಬೇಕಾಗಿಲ್ಲ. ಕೇರಿಗೆ ಬೇಕಾಗಿರುವುದು, ಈ ವ್ಯವಸ್ಥೆಯನ್ನು ಕೈಯಾರೆ ಕಟ್ಟಿದ್ದಾರೆ, ಕೈಯಾರೆ ಬಿಚ್ಚಬಹುದು ಎಂಬ ತಿಳಿವಳಿಕೆ. ಯಾರ ಮುಂದೆ ಆಡುತ್ತಿದ್ದೇವೆ ಎಂದು ಕೇಳಿಕೊಳ್ಳದ ನಾಟಕ ಎಷ್ಟೇ ಕ್ರಾಂತಿಯ ಮಾತಾಡಿದರೂ ಕುರುಡೇ. ಹೆಣ್ಣಿನ ಮೇಲಿನ ಅತ್ಯಾಚಾರವನ್ನಂತೂ ಎಲ್ಲಿಯೂ, ಯಾರ ಮುಂದೆಯೂ ಆಡಿ ತೋರಿಸಬಾರದು. ಗುಂಪಿನಲ್ಲಿ ಅದನ್ನು ಅನುಭವಿಸಿದವಳು ಕೂತಿರಬಹುದು. ಅದನ್ನು ನೋಡಿ ಹಲ್ಲು ಕಿರಿಯುವವನೂ ಕೂತಿರಬಹುದು.

ಇನ್ನೊಂದು ಪ್ರಶ್ನೆ: ಗೌಡನ ಪಾತ್ರವನ್ನು ಯಾರು ಮಾಡಬೇಕು? ನಮ್ಮ ಹುಡುಗನೇ ಮಾಡಬೇಕು. ಟವೆಲ್ಲು ಹೆಗಲಿಗೆ ಬಂದ ಕೂಡಲೇ ಅವನ ಎದೆ ಸೆಟೆಯುವುದನ್ನು, ದನಿ ದಪ್ಪವಾಗುವುದನ್ನು ಎಲ್ಲರೂ ನೋಡಬೇಕು. ಅರ್ಧಕ್ಕೆ ಆ ಟವೆಲ್ಲನ್ನು ಆಳಿನ ಪಾತ್ರದವನಿಗೆ ಕೊಟ್ಟು ಇವನು ನೆಲಕ್ಕೆ ಕೂರಬೇಕು. ಅಧಿಕಾರ ರಕ್ತದಲ್ಲಿಲ್ಲ, ಟವೆಲ್ಲಿನಲ್ಲಿದೆ ಎಂದು ಹತ್ತು ಭಾಷಣ ಮಾಡಿದರೂ ಹತ್ತದ ಮಾತು ಇಲ್ಲಿ ಹತ್ತುತ್ತದೆ. ಆದರೆ ಎಚ್ಚರ. ಕೂರುವವನು ಬದಲಾದರೆ ಸಾಕೇ, ಕುರ್ಚಿ ಹಾಗೇ ಉಳಿಯಬಹುದೇ? ಮೀಸಲಾತಿಯಿಂದ ಕೇರಿಯ ಹೆಣ್ಣುಮಗಳು ಪಂಚಾಯಿತಿ ಅಧ್ಯಕ್ಷೆಯಾದಳು. ಸಹಿ ಅವಳದು, ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತವರು ಬೇರೆ. ಇನ್ನು ಕೆಲವು ಕಡೆ ನಮ್ಮವನೇ ಕೂತ, ಕೂತವನು ನಮ್ಮನ್ನೇ ನಿಲ್ಲಿಸಿ ಮಾತಾಡಿಸಿದ. ಎರಡನ್ನೂ ತೋರಿಸುವ ಧೈರ್ಯ ನಮ್ಮ ನಾಟಕಗಳಿಗೆ ಇರಬೇಕು.

ತಮಟೆಯ ಮಾತನ್ನೂ ಇಲ್ಲೇ ಹೇಳಬೇಕು. ತಮಟೆ ಗುಲಾಮಗಿರಿಯ ಗುರುತು, ಅದನ್ನು ಒಡೆದು ಹಾಕಿ ಎನ್ನುವವರಿದ್ದಾರೆ. ಅದು ನಮ್ಮ ಕಲೆ, ಉಳಿಸಿ ಎನ್ನುವವರೂ ಇದ್ದಾರೆ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ನಮಗೆ ಕಾಣುವುದು ಹೀಗೆ: ಹೆಣದ ಮುಂದೆ, ತೇರಿನ ಮುಂದೆ, "ಬಾರಿಸೋ" ಎಂದು ಏಕವಚನದಲ್ಲಿ ಕರೆಸಿಕೊಂಡು ಬಾರಿಸಿದರೆ ಚಾಕರಿ. ಅದೇ ತಮಟೆ ಬೀದಿಯ ನಡುವೆ ನಿಂತು "ಬನ್ನಿ, ನೋಡಿ" ಎಂದು ಊರನ್ನೇ ಕರೆದರೆ ಕರೆಯುವ ಅಧಿಕಾರ ಬಾರಿಸುವವನದು. ತೊಗಲು ಅದೇ, ನಾದ ಅದೇ. ನಿಂತ ಜಾಗ, ಕರೆದವರು ಯಾರು ಎಂಬುದು ಬೇರೆ.

6

ಹಳ್ಳಿ ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯರೇ, ಇದನ್ನು ಓದಿ ಮಡಚಿಡಬೇಡಿ. ಮಾಡಿ ನೋಡಿ. ಶಾಲೆಯ ಅಂಗಳದಲ್ಲಿ ಒಂದು ಕುರ್ಚಿ ಇಡಿ. ಯಾರೂ ಕೂತಿರುವುದು ಬೇಡ. ಒಬ್ಬೊಬ್ಬರಾಗಿ ಅದರ ಮುಂದೆ ಹಾದುಹೋಗಲಿ. ಒಬ್ಬ ಟವೆಲ್ಲು ಇಳಿಸಲಿ, ಒಬ್ಬಾಕೆ ಸೆರಗು ಸರಿಮಾಡಿಕೊಳ್ಳಲಿ, ಒಬ್ಬ ಚಪ್ಪಲಿ ಕೈಗೆತ್ತಿಕೊಳ್ಳಲಿ. ಖಾಲಿ ಕುರ್ಚಿಗೆ ಹೆದರುವ ಜನರನ್ನು ನೋಡಿ ಮಕ್ಕಳು ಮೊದಲು ನಗುತ್ತವೆ. ನಗು ತಾನಾಗಿ ನಿಲ್ಲುತ್ತದೆ, ಯಾಕೆಂದರೆ ಆ ನಡಿಗೆಯಲ್ಲಿ ತಮ್ಮ ಅಪ್ಪನೋ ಅವ್ವನೋ ಕಾಣುತ್ತಾರೆ. ಆಗ ಒಂದು ಸಣ್ಣ ಹುಡುಗಿ ಬಂದು ಆ ಕುರ್ಚಿಯಲ್ಲಿ ಕೂತು ಕಾಲು ಆಡಿಸಲಿ. ಎಲ್ಲರೂ ಇದ್ದಲ್ಲೇ ನಿಲ್ಲಲಿ. ನಾಟಕವನ್ನು ಅಲ್ಲಿಗೇ ನಿಲ್ಲಿಸಿ, "ಈಗೇನು ಮಾಡೋಣ?" ಎಂದು ನೋಡುತ್ತಿರುವವರನ್ನೇ ಕೇಳಿ. ಹುಡುಗಿಯನ್ನು ಇಳಿಸಬೇಕೋ, ಎಲ್ಲರಿಗೂ ಕುರ್ಚಿ ತರಬೇಕೋ, ಕುರ್ಚಿಯನ್ನೇ ಎತ್ತಿಟ್ಟು ಎಲ್ಲರೂ ನೆಲದ ಮೇಲೆ ಕೂರಬೇಕೋ, ಜನ ಜಗಳವಾಡಲಿ. ಆ ಜಗಳವೇ ನಾಟಕದ ಉಳಿದ ಭಾಗ. ಅದನ್ನು ಬರೆದುಕೊಡುವ ಹಕ್ಕು ನಮಗಿಲ್ಲ.

ಯಾರದೇ ಮನೆಯ ನೋವನ್ನು ನಾಟಕ ಮಾಡುವ ಮೊದಲು ಆ ಮನೆಯವರನ್ನು ಕೇಳಿ. ಬೇಡ ಎಂದರೆ ಬಿಡಿ. ಮಾಡಿದರೆ, ಮೊದಲ ಪ್ರದರ್ಶನ ಅವರ ಮುಂದೆಯೇ ಆಗಲಿ. ನೋಡಿದ ಮೇಲೆ ಅವರು ತಲೆ ತಗ್ಗಿಸಿ ಎದ್ದುಹೋದರೆ, ಪತ್ರಿಕೆಗಳು ಏನೇ ಹೊಗಳಲಿ, ಆ ನಾಟಕ ಸೋತಿದೆ. "ಇಲ್ಲಿ ಹಿಂಗಲ್ಲ ಕಣಪ್ಪ ಆಗಿದ್ದು" ಎಂದು ಒಬ್ಬರಾದರೂ ಎದ್ದು ನಡುವಿಗೆ ಬಂದು, ಕೋಲನ್ನು ಆಡುವವನ ಕೈಯಿಂದ ಇಸಕೊಂಡರೆ, ಅವರಿಗೆ ಜಾಗ ಬಿಟ್ಟು ನಾವು ಕೆಳಗೆ ಕೂತು ನೋಡಬೇಕು.